ಯಾವ ಪ್ರೆಸಿಂಗ್ ಕೊಳ್ಳಲಿ? ಮೊದಲು ಲೇಬಲ್ ಪಕ್ಕದ ಅಕ್ಷರಗಳನ್ನು ಓದಿ

ಪ್ರಶ್ನೆ: ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವಳು. ನಮ್ಮ ತಂದೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಫಿಟ್ಟರ್ ಆಗಿದ್ದರು. ನೆರೆಮನೆಯ ಆಂಗ್ಲೋ ಇಂಡಿಯನ್ ಕುಟುಂಬದವರು ಆಸ್ಟ್ರೇಲಿಯಾಕ್ಕೆ ಹೊರಟಾಗ ಒಂದು ಪೆಟ್ಟಿಗೆ ಎಲ್‌ಪಿ ತಟ್ಟೆಗಳನ್ನು ತಂದೆಯವರಿಗೆ ಕೊಟ್ಟುಹೋದರು. ಅದರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಇದೆ. ಲೇಬಲ್ ಮೇಲೆ ದಮ್‌ದಮ್‌ನಲ್ಲಿ ತಯಾರಾದದ್ದು ಎಂದಿದೆ. ಅಣ್ಣ ಅಮೆರಿಕದಿಂದ ತಂದುಕೊಟ್ಟ ಟರ್ನ್‌ಟೇಬಲ್‌ನಲ್ಲಿ ಅದನ್ನು ಕೇಳುತ್ತಿದ್ದೇನೆ. ಚಟಪಟ ಸದ್ದು ಬಹಳ, ಹಾಡೂ ಮಂಕಾಗಿದೆ. ಇದೇ ಆಲ್ಬಮ್‌ನ ಒಳ್ಳೆಯ ಪ್ರತಿ ಕೊಳ್ಳಬೇಕೆಂದಿದ್ದೇನೆ. ಲೇಬಲ್ ಮೇಲೆ ‘ನೀಲಿ ತ್ರಿಕೋನ’ವಿರುವ ಇಂಗ್ಲೆಂಡಿನ ಮೊದಲ ಪ್ರೆಸಿಂಗ್ (ಅಂದರೆ ಅಚ್ಚೊತ್ತಿದ ಪ್ರತಿ), ಜಪಾನಿನದು, ಅಮೆರಿಕದ ಅರ್ಧ ವೇಗದ ಮಾಸ್ಟರಿಂಗ್, ಹೊಸ 180 ಗ್ರಾಂ ತಟ್ಟೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 20 ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಯಾವುದನ್ನು ಕೊಳ್ಳಲಿ?

ಉತ್ತರ: ನಿರ್ಧಾರವನ್ನು ಮೊದಲು ಹೇಳುತ್ತೇನೆ, ಕಾರಣ ಆಮೇಲೆ. ನೀಲಿ ತ್ರಿಕೋನದ ಆಸೆ ಬಿಡಿ. ನಿಮ್ಮ ಹಣದಲ್ಲಿ ಒಂದು ಪಾಲನ್ನು ಟರ್ನ್‌ಟೇಬಲ್‌ನ ಒಳ್ಳೆಯ ಮುಳ್ಳಿಗೂ (ಸೂಜಿಗೂ) ತಟ್ಟೆ ತೊಳೆಯುವ ಸಾಮಾನಿಗೂ ಇಡಿ. ಉಳಿದದ್ದರಲ್ಲಿ 1970ರ ದಶಕದ ಬ್ರಿಟಿಷ್ ಪ್ರತಿಯೊಂದನ್ನು, ಇಲ್ಲವೇ 2003ರಲ್ಲಿ ಬಂದ ಮೂವತ್ತನೇ ವರ್ಷದ ಮರುಮುದ್ರಣವನ್ನು ಹುಡುಕಿ. ಎರಡರಲ್ಲಿ ಯಾವುದು ಗೀರಿಲ್ಲದ ಸ್ಥಿತಿಯಲ್ಲಿ ಸಿಗುತ್ತದೆಯೋ ಅದನ್ನು ಕೊಳ್ಳಿ. ದಮ್‌ದಮ್ ತಟ್ಟೆಯನ್ನು ಮಾತ್ರ ಯಾರಿಗೂ ಕೊಡಬೇಡಿ. ಅದು ನಿಜಕ್ಕೂ ಹೇಗೆ ನುಡಿಯುತ್ತದೆ ಎಂಬುದು ಇನ್ನೂ ನಿಮಗೆ ಗೊತ್ತಾಗಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಒಂದೇ ಆಲ್ಬಮ್‌ನ ಎರಡು ತಟ್ಟೆಗಳು ಬೇರೆ ಬೇರೆಯಾಗಿ ಕೇಳಿಸಲು ಕಾರಣ ಅವು ತಯಾರಾಗುವ ದಾರಿಯಲ್ಲಿದೆ. ಸ್ಟುಡಿಯೋದಲ್ಲಿ ಸಿದ್ಧವಾದ ಮಾಸ್ಟರ್ ಟೇಪನ್ನು ಒಬ್ಬ ಎಂಜಿನಿಯರ್ ನುಡಿಸುತ್ತಾ, ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೆತ್ತುತ್ತಾನೆ. ಆ ಲ್ಯಾಕರ್ ಮೇಲೆ ತೆಳುವಾಗಿ ಬೆಳ್ಳಿ ಹಾಯಿಸಿ, ವಿದ್ಯುತ್ತಿನಿಂದ ನಿಕ್ಕಲ್ ಲೇಪಿಸಿ, ಬಿಡಿಸಿದರೆ ಉಬ್ಬುಗೆರೆಯ ಲೋಹದ ಪ್ರತಿ ಸಿಗುತ್ತದೆ. ಇದಕ್ಕೆ ಫಾದರ್ ಎನ್ನುತ್ತಾರೆ. ಅದರಿಂದ ಮದರ್, ಮದರ್‌ನಿಂದ ಸ್ಟ್ಯಾಂಪರ್. ಬಿಸಿ ವಿನೈಲನ್ನು ಒತ್ತುವುದು ಸ್ಟ್ಯಾಂಪರ್. ಸಾವಿರದಷ್ಟು ಪ್ರತಿ ಒತ್ತುವ ಹೊತ್ತಿಗೆ ಸ್ಟ್ಯಾಂಪರ್ ಸವೆಯತೊಡಗುತ್ತದೆ, ಗೆರೆಯ ಗೋಡೆಯಲ್ಲಿದ್ದ ನವಿರು ಅಳಿಯುತ್ತದೆ. ಹೀಗೆ ನಿಮ್ಮ ಕೈಗೆ ಬರುವ ತಟ್ಟೆಯ ಗುಣ ಐದು ಸಂಗತಿಗಳ ಮೇಲೆ ನಿಂತಿದೆ: ಯಾವ ಟೇಪು, ಯಾರು ಕೆತ್ತಿದರು, ಸ್ಟ್ಯಾಂಪರ್ ಎಷ್ಟು ಹೊಸದು, ವಿನೈಲ್ ಎಂಥದು, ಹಿಂದಿನ ಒಡೆಯರು ಅದನ್ನು ಹೇಗೆ ಬಳಸಿದರು. ಕೊನೆಯದು ಉಳಿದ ನಾಲ್ಕನ್ನೂ ಕೆಡಿಸಬಲ್ಲದು.

ಟೇಪಿನ ವಿಷಯ ಸರಳ. ಇಂಗ್ಲೆಂಡಿನಲ್ಲಿ ಧ್ವನಿಮುದ್ರಣವಾದ ಆಲ್ಬಮ್‌ನ ಮೂಲ ಟೇಪು ಇಂಗ್ಲೆಂಡಿನಲ್ಲೇ ಉಳಿಯುತ್ತಿತ್ತು. ಬೇರೆ ದೇಶಗಳಿಗೆ ಹೋಗುತ್ತಿದ್ದದ್ದು ಅದರ ಪ್ರತಿ, ಕೆಲವೊಮ್ಮೆ ಪ್ರತಿಯ ಪ್ರತಿ. ತಾಲ್ಲೂಕು ಕಚೇರಿಯ ಹಳೆಯ ಪಹಣಿಯನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿದರೆ ಸರ್ವೆ ನಂಬರ್ ಓದಬಹುದು, ಅಂಚಿನ ಸಣ್ಣ ಟಿಪ್ಪಣಿ ಹೋಗಿರುತ್ತದೆ. ಟೇಪಿನಲ್ಲೂ ಹಾಗೆ. ಪ್ರತಿ ಸಲ ನಕಲು ಮಾಡಿದಾಗ ಟೇಪಿನ ‘ಹಿಸ್’ ಸದ್ದು ಏರುತ್ತದೆ, ತಾಳದ ತಟ್ಟೆಯ ಮಿಂಚು ಕುಗ್ಗುತ್ತದೆ. ಬ್ರಿಟಿಷ್ ತಂಡಕ್ಕೆ ಬ್ರಿಟಿಷ್ ಪ್ರತಿ, ಅಮೆರಿಕದ ತಂಡಕ್ಕೆ ಅಮೆರಿಕದ ಪ್ರತಿ ಎಂಬ ಸಂಗ್ರಾಹಕರ ನಿಯಮ ಹುಟ್ಟಿದ್ದು ಇಲ್ಲಿಂದ. ಹುಡುಕಾಟ ಶುರುಮಾಡಲು ಇದು ಒಳ್ಳೆಯ ನಿಯಮ. ಆದರೆ ಇದೊಂದನ್ನೇ ನಂಬಿ ಹಣ ಕೊಡಬಾರದು. ಏಕೆಂದರೆ ಕೆತ್ತುವವನ ಕೈ ಟೇಪಿನಷ್ಟೇ ಮುಖ್ಯ.

ಕೆತ್ತನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರೆಸಿಂಗ್ ಹುಡುಕುವವರು ನಿಜವಾಗಿ ಹುಡುಕುವುದು ಒಬ್ಬ ಎಂಜಿನಿಯರ್‌ನ ನಿರ್ಧಾರಗಳನ್ನು. ತಗ್ಗು ಧ್ವನಿಗೆ, ಅಂದರೆ ಬೇಸ್‌ಗೆ, ಗೆರೆ ಅಗಲವಾಗಿ ಓಲಾಡಬೇಕು. ಅದನ್ನು ಹಾಗೆಯೇ ಬಿಟ್ಟರೆ ಒಂದು ಮುಖದಲ್ಲಿ ಇಪ್ಪತ್ತು ನಿಮಿಷದ ಸಂಗೀತ ಹಿಡಿಸುವುದಿಲ್ಲ. ಆದ್ದರಿಂದ ಕೆತ್ತುವಾಗ ಬೇಸ್ ತಗ್ಗಿಸಿ, ಮೇಲಿನ ಧ್ವನಿಯನ್ನು ಏರಿಸುತ್ತಾರೆ. ನುಡಿಸುವಾಗ ನಿಮ್ಮ ಫೋನೋ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿಮಾಡುತ್ತದೆ. 1954ರಲ್ಲಿ ಅಮೆರಿಕದ ಉದ್ಯಮ ಒಪ್ಪಿಕೊಂಡ ಆರ್‌ಐಎಎ ರೇಖೆ ಎಂದರೆ ಇದೇ. ಇಷ್ಟಾದರೂ ಎಂಜಿನಿಯರ್ ಮುಂದೆ ಆಯ್ಕೆಗಳಿವೆ. ಜೋರಾಗಿ ಕೆತ್ತಿದರೆ ಸಂಗೀತಕ್ಕೆ ಜೀವ ಬರುತ್ತದೆ, ವಿನೈಲಿನ ಸರಸರ ಸದ್ದು ಹಿಂದೆ ಸರಿಯುತ್ತದೆ. ಆದರೆ ಅಗ್ಗದ ಪ್ಲೇಯರ್‌ನಲ್ಲಿ ಮುಳ್ಳು ಗೆರೆಯಿಂದ ಜಿಗಿಯಬಹುದು. ಮೆತ್ತಗೆ ಕೆತ್ತಿದರೆ ಎಲ್ಲರ ಮನೆಯಲ್ಲೂ ಓಡುತ್ತದೆ, ರೋಮಾಂಚನ ಮಾತ್ರ ಇರುವುದಿಲ್ಲ.

ಇದಕ್ಕೆ ರಾಕ್ ಇತಿಹಾಸದ ದೊಡ್ಡ ಉದಾಹರಣೆ 1969ರ ಅಕ್ಟೋಬರಿನಲ್ಲಿ ಬಂದ ಲೆಡ್ ಜೆಪ್ಲಿನ್ ತಂಡದ ಎರಡನೇ ಆಲ್ಬಮ್. ಅಮೆರಿಕದಲ್ಲಿ ಅದನ್ನು ಕೆತ್ತಿದವರು ಆಗಿನ್ನೂ ತರುಣರಾಗಿದ್ದ ಬಾಬ್ ಲುಡ್‌ವಿಗ್. ಅವರು ಡ್ರಮ್ಮು ಬೇಸು ಯಾವುದಕ್ಕೂ ಕಡಿವಾಣ ಹಾಕದೆ ಜೋರಾಗಿ ಕೆತ್ತಿದರು. ಲುಡ್‌ವಿಗ್ ಅವರೇ ಸಂದರ್ಶನಗಳಲ್ಲಿ ಹೇಳಿರುವಂತೆ, ಅಟ್ಲಾಂಟಿಕ್ ಕಂಪನಿಯ ಮುಖ್ಯಸ್ಥ ಅಹ್ಮೆತ್ ಎರ್ಟೆಗನ್ ಅವರ ಮಗಳ ಪುಟ್ಟ ಪ್ಲೇಯರ್‌ನಲ್ಲಿ ಆ ತಟ್ಟೆ ಜಿಗಿಯಿತು. ಕಂಪನಿ ತಕ್ಷಣ ಬೇಸ್ ತಗ್ಗಿಸಿದ ಹೊಸ ಕೆತ್ತನೆ ಮಾಡಿಸಿತು. ಅಷ್ಟರೊಳಗೆ ಒತ್ತಿಹೋಗಿದ್ದ ಪ್ರತಿಗಳಲ್ಲಿ ಲೇಬಲ್ ಪಕ್ಕ ‘ಆರ್‌ಎಲ್’ (ರಾಬರ್ಟ್ ಲುಡ್‌ವಿಗ್; ಬಾಬ್ ಎಂಬುದು ರಾಬರ್ಟ್‌ನ ಮೊಟಕು ರೂಪ) ಎಂಬ ಎರಡು ಅಕ್ಷರ ಗೀಚಿರುತ್ತದೆ. ಇಂದು ಜಗತ್ತಿನ ಸಂಗ್ರಾಹಕರು ಆ ಎರಡು ಅಕ್ಷರಕ್ಕಾಗಿ ಸಾಲುಗಟ್ಟಿ ನಿಂತಿದ್ದಾರೆ. ಗಮನಿಸಿ, ತಂಡ ಬ್ರಿಟಿಷ್, ಎಲ್ಲರೂ ಬಯಸುವ ಪ್ರತಿ ಅಮೆರಿಕದ್ದು. ದೇಶದ ನಿಯಮ ಎಂಜಿನಿಯರ್‌ನ ಕೈಯ ಮುಂದೆ ಇಲ್ಲಿ ಸೋತಿತು.

ಈಗ ನಿಮ್ಮ ತಟ್ಟೆಯನ್ನು ಕೈಗೆ ತೆಗೆದುಕೊಳ್ಳಿ. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ ಶುರುವಾಗುವವರೆಗೆ ಒಂದು ನುಣುಪಾದ ಪಟ್ಟಿ ಇರುತ್ತದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ತಟ್ಟೆಯನ್ನು ತಿರುಗಿಸಿದರೆ ಅಲ್ಲಿ ಅಕ್ಷರ, ಅಂಕಿಗಳು ಕಾಣುತ್ತವೆ. ಜಾಕೆಟ್ಟಿನ ಮೇಲೆ ಮುದ್ರಿಸಿರುವ ವರ್ಷ ಸುಳ್ಳಾಗಬಹುದು, ಮಾರುವವನ ಮಾತು ಸುಳ್ಳಾಗಬಹುದು. ಲೋಹದಲ್ಲಿ ಕೊರೆದು ವಿನೈಲಿಗೆ ಒತ್ತಿದ ಈ ಬರಹ ಸುಳ್ಳಾಗುವುದು ಕಷ್ಟ.

ಡಾರ್ಕ್ ಸೈಡ್ ಹೊರತಂದ ಇಎಂಐ ಕಂಪನಿಯ ಬ್ರಿಟಿಷ್ ತಟ್ಟೆಗಳಲ್ಲಿ ಈ ಬರಹಕ್ಕೆ ಅಚ್ಚುಕಟ್ಟಾದ ಪದ್ಧತಿಯಿದೆ. ತಟ್ಟೆಯನ್ನು ಗಡಿಯಾರವೆಂದು ಭಾವಿಸಿ, ಮುಖ್ಯ ಸಂಖ್ಯೆಯನ್ನು ಆರು ಗಂಟೆಯ ಜಾಗಕ್ಕೆ ಬರುವಂತೆ ಹಿಡಿಯಿರಿ. ಡಾರ್ಕ್ ಸೈಡ್‌ನಲ್ಲಿ ಅದು ‘ಎಸ್‌ಎಚ್‌ವಿಎಲ್ 804 ಎ’ ಎಂದಿದ್ದು, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಆ ಅಂಕಿ ಎಷ್ಟನೇ ಕೆತ್ತನೆ ಎಂಬುದನ್ನು ಹೇಳುತ್ತದೆ. ಒಂಬತ್ತು ಗಂಟೆಯ ಜಾಗದಲ್ಲಿರುವುದು ಮದರ್‌ನ ಸಂಖ್ಯೆ. ಮೂರು ಗಂಟೆಯ ಜಾಗದಲ್ಲಿ ಒಂದೋ ಎರಡೋ ಮೂರೋ ಇಂಗ್ಲಿಷ್ ಅಕ್ಷರಗಳಿರುತ್ತವೆ, ಅವು ಸ್ಟ್ಯಾಂಪರ್‌ನ ಕ್ರಮಸಂಖ್ಯೆ. ಗ್ರಾಮಫೋನ್ ಲಿಮಿಟೆಡ್ ಎಂಬ ಹೆಸರಿನಿಂದ ಹತ್ತು ಅಕ್ಷರ ಆರಿಸಿ ಅಂಕಿಗಳಾಗಿ ಬಳಸಿದ್ದಾರೆ: ಜಿ ಎಂದರೆ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ಹಾಗಾಗಿ ‘ಜಿಆರ್’ ಎಂದಿದ್ದರೆ ಹನ್ನೆರಡನೆಯ ಸ್ಟ್ಯಾಂಪರ್, ‘ಎಂಒಟಿ’ ಎಂದಿದ್ದರೆ ನಾನೂರ ಐವತ್ತೊಂಬತ್ತನೆಯದು. ಡೆಕ್ಕಾ ಕಂಪನಿ ಇದೇ ಕೆಲಸಕ್ಕೆ ಬಕಿಂಗ್‌ಹ್ಯಾಮ್ ಎಂಬ ಹೆಸರಿನ ಹತ್ತು ಅಕ್ಷರಗಳನ್ನು ಬಳಸಿತು. ಪೆಟ್ಟಿಗೆಯಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಡೆಕ್ಕಾ ತಟ್ಟೆ ಇದ್ದರೆ ಅದನ್ನೂ ನೋಡಿ. ಸಣ್ಣ ಸಂಖ್ಯೆಯೆಂದರೆ ಆ ಅಚ್ಚು ಬೇಗ ತಯಾರಾದದ್ದು ಎಂದಷ್ಟೇ ಅರ್ಥ. ಅದರಿಂದ ಒತ್ತಿದ ಮೊದಲ ತಟ್ಟೆಯೋ ಸಾವಿರದ ತಟ್ಟೆಯೋ ನಿಮ್ಮದು ಎಂಬುದನ್ನು ಅದು ತಿಳಿಸುವುದಿಲ್ಲ.

ನಿಮ್ಮ ದಮ್‌ದಮ್ ತಟ್ಟೆಗೆ ಬರೋಣ. ಕಲ್ಕತ್ತಾದ ದಮ್‌ದಮ್ ಕಾರ್ಖಾನೆ 1928ರಿಂದ ನಮ್ಮ ದೇಶದ ಬಹುಪಾಲು ತಟ್ಟೆಗಳನ್ನು ಒತ್ತಿದ ಜಾಗ. ನಮ್ಮ ಅಜ್ಜಿಯರು ಕೇಳಿದ ಹರಿಕಥೆ, ರಂಗಗೀತೆಗಳ ತಟ್ಟೆಗಳ ಮೇಲೂ ಆ ಊರಿನ ಹೆಸರಿದೆ. ಬ್ರಿಟಿಷ್ ರಾಕ್ ಆಲ್ಬಮ್‌ಗಳಿಗೆ ಇಂಗ್ಲೆಂಡಿನಿಂದ ಕೆಲವು ಸಲ ಲೋಹದ ಅಚ್ಚೇ ಬರುತ್ತಿತ್ತು, ಕೆಲವು ಸಲ ಟೇಪಿನ ಪ್ರತಿ ಬಂದು ಕೆತ್ತನೆ ಇಲ್ಲೇ ಆಗುತ್ತಿತ್ತು. ಇವೆರಡರ ನಡುವೆ ಅಜಗಜಾಂತರ. ಒಳಪಟ್ಟಿಯ ಸಂಖ್ಯೆ ಬ್ರಿಟಿಷ್ ಪ್ರತಿಯದರಂತೆಯೇ ಒಂದೇ ಅಳತೆಯ ಅಚ್ಚಕ್ಷರಗಳಲ್ಲಿದ್ದರೆ ನಿಮ್ಮ ತಟ್ಟೆಯ ಕೆತ್ತನೆ ಲಂಡನ್ನಿನ ಅಬೆ ರೋಡ್ ಸ್ಟುಡಿಯೋದ್ದೇ ಆಗಿರುವ ಸಾಧ್ಯತೆ ಹೆಚ್ಚು. ಬೇರೆ ರೀತಿಯ ಸಂಖ್ಯೆ ಕೈಬರಹದಲ್ಲಿದ್ದರೆ ಕೆತ್ತನೆ ಇಲ್ಲಿಯದು ಎಂದು ತಿಳಿಯಿರಿ. ಹಾಗಿದ್ದರೆ ಮಂಕುತನಕ್ಕೆ ಟೇಪಿನ ನಕಲೇ ಕಾರಣವಿರಬಹುದು. ಅಬೆ ರೋಡ್ ಕೆತ್ತನೆಯ ಸಂಖ್ಯೆ ಕಂಡೂ ಹಾಡು ಮಂಕಾಗಿದ್ದರೆ, ತಪ್ಪು ಕೊಳೆಯದೋ ನಿಮ್ಮ ಮುಳ್ಳಿನದೋ ಹಿಂದಿನ ಮನೆಯ ಸವೆದ ಮುಳ್ಳಿನದೋ ಇರಬಹುದು. ಕೆಜಿಎಫ್‌ನ ಗಣಿ ಕಾಲೊನಿಗಳಲ್ಲಿ ಇಂಥ ತಟ್ಟೆಗಳು ಅಲಂಕಾರಕ್ಕಿರಲಿಲ್ಲ. ಕ್ಲಬ್ಬಿನ ಡ್ಯಾನ್ಸುಗಳಲ್ಲಿ, ಕ್ರಿಸ್‌ಮಸ್ ಸಂಜೆಗಳಲ್ಲಿ ಅವು ಮತ್ತೆ ಮತ್ತೆ ತಿರುಗಿದವು. ನಿಮ್ಮ ಜಿಲ್ಲೆಯಿಂದ ಬರುವ ಹಳೆಯ ಪಾಶ್ಚಾತ್ಯ ತಟ್ಟೆಗಳಲ್ಲಿ ನಾನು ಮೊದಲು ನೋಡುವುದೇ ಈ ಸವೆತವನ್ನು.

ಸವೆತ ಮತ್ತು ಕೊಳೆ ಎರಡರ ಸದ್ದೂ ಬೇರೆ. ಕೊಳೆಯ ಸದ್ದು ಚಟಪಟ, ಅಲ್ಲೊಂದು ಇಲ್ಲೊಂದು, ಸಂಗೀತದ ಜೋರಿಗೂ ಅದಕ್ಕೂ ಸಂಬಂಧವಿಲ್ಲ. ಸವೆದ ಗೆರೆ ಮೆತ್ತನೆಯ ಭಾಗದಲ್ಲಿ ಸುಮ್ಮನಿದ್ದು, ಗಾಯಕರು ದನಿ ಏರಿಸಿದ ಕೂಡಲೇ ಕರಕರ ಎನ್ನುತ್ತದೆ. ಕೊಳೆ ತೊಳೆದರೆ ಹೋಗುತ್ತದೆ. ಸವೆತ ಹೋಗುವುದಿಲ್ಲ.

ಆದ್ದರಿಂದ ಹೊಸದನ್ನು ಕೊಳ್ಳುವ ಮುಂಚೆ ಇರುವುದನ್ನು ತೊಳೆಯಿರಿ. ಒಂದು ಎಚ್ಚರಿಕೆ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಕೊಳವೆಬಾವಿಯ ನೀರು ಗಡಸು. ನಲ್ಲಿಯಲ್ಲೂ ಬಕೆಟ್ಟಿನಲ್ಲೂ ಕಟ್ಟುವ ಬಿಳಿ ಪದರ ತಟ್ಟೆಯ ಗೆರೆಯೊಳಗೂ ಕಟ್ಟುತ್ತದೆ. ಆ ನೀರಿನಲ್ಲಿ ತೊಳೆದರೆ ಸದ್ದು ಇನ್ನೂ ಹೆಚ್ಚುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ಆಸಿಡ್ ಬೆರೆಸಿದ ಬ್ಯಾಟರಿ ನೀರಲ್ಲ, ಬರೀ ಡಿಸ್ಟಿಲ್ಡ್ ಎಂದು ಕೇಳಿ ಪಡೆಯಿರಿ. ಅದಕ್ಕೆ ಬಣ್ಣ, ಪರಿಮಳವಿಲ್ಲದ ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಸಾಕು. ಮೃದುವಾದ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಒರೆಸಿ, ಶುದ್ಧ ಡಿಸ್ಟಿಲ್ಡ್ ನೀರಿನಿಂದ ಮತ್ತೊಮ್ಮೆ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಲೇಬಲ್ ನೆನೆಯಬಾರದು. ಪೆಟ್ಟಿಗೆಯಲ್ಲಿ 78 ವೇಗದ ಹಳೆಯ ಅರಗಿನ ತಟ್ಟೆಗಳಿದ್ದರೆ ಅವಕ್ಕೆ ಆಲ್ಕೊಹಾಲ್ ಇರುವ ಯಾವ ದ್ರಾವಣವನ್ನೂ ತಾಗಿಸಬೇಡಿ, ಅರಗು ಕರಗುತ್ತದೆ.

ಟರ್ನ್‌ಟೇಬಲ್ ಅಮೆರಿಕದ್ದು ಎಂದಿರಿ. ಇದನ್ನು ಇಂದೇ ಪರೀಕ್ಷಿಸಿ. ಅಡಾಪ್ಟರ್‌ನಿಂದ ನಡೆಯುವ ಡಿಸಿ ಮೋಟಾರ್ ಆದರೆ ಚಿಂತೆಯಿಲ್ಲ. ಗೋಡೆಯ ವಿದ್ಯುತ್ತಿನಿಂದ ನೇರವಾಗಿ ನಡೆಯುವ ಎಸಿ ಮೋಟಾರ್ ಆದರೆ ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಅಲ್ಲಿಯ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ನಮ್ಮದು 50. ಮೋಟಾರ್ ಆವರ್ತನವನ್ನು ಹಿಂಬಾಲಿಸುತ್ತದೆ. ನಿಮಿಷಕ್ಕೆ ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು ಸುತ್ತಬೇಕಾದ ತಟ್ಟೆ ಇಪ್ಪತ್ತೆಂಟರ ಹತ್ತಿರ ಸುತ್ತುತ್ತದೆ. ಶ್ರುತಿ ಮೂರು ಸ್ವರಸ್ಥಾನ ಇಳಿಯುತ್ತದೆ, ಹಾಡು ಮಂಕಾಗಿ ತೂಗಾಡುತ್ತದೆ. ‘ಮಂಕಾಗಿದೆ’ ಎಂದು ನೀವು ಬರೆದಿರುವುದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅದೇ ಹಾಡನ್ನು ಮೊಬೈಲಿನಲ್ಲಿ ಜೊತೆಗೆ ಹಾಕಿ ನೋಡಿ, ಶ್ರುತಿ ಕೂಡದಿದ್ದರೆ ಕಾರಣ ಸಿಕ್ಕಿತು. ಹಲವು ಮಾದರಿಗಳಿಗೆ 50 ಹರ್ಟ್ಸ್‌ನ ಬೇರೆ ಪುಲ್ಲಿ ಸಿಗುತ್ತದೆ. ಕರೆಂಟ್ ಹೋದಾಗ ಇನ್ವರ್ಟರ್‌ನಲ್ಲಿ ಕೇಳುವ ಅಭ್ಯಾಸವಿದ್ದರೆ, ಅಗ್ಗದ ಚೌಕ ಅಲೆಯ ಇನ್ವರ್ಟರ್ ಸ್ಪೀಕರ್‌ನಲ್ಲಿ ಗುಂಯ್ ಎನ್ನಿಸುತ್ತದೆ. ಆ ಹೊತ್ತಿನಲ್ಲಿ ತಟ್ಟೆಯ ಗುಣವನ್ನು ಅಳೆಯಬೇಡಿ.

ಮುಳ್ಳಿನ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಸಾವಿರಾರು ರೂಪಾಯಿಯ ಅಪರೂಪದ ತಟ್ಟೆಗಿಂತ ಒಳ್ಳೆಯ ಮುಳ್ಳು ಹೆಚ್ಚು ಕೊಡುತ್ತದೆ, ಏಕೆಂದರೆ ಅದು ಪೆಟ್ಟಿಗೆಯ ಎಲ್ಲ ತಟ್ಟೆಗಳಿಗೂ ಕೊಡುತ್ತದೆ. ಹೊರಗಿನ ಸುತ್ತಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ, ಒಳಗಿನ ಕೊನೆಯ ಸುತ್ತಿನಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿ ಕೂರುತ್ತದೆ. ದುಂಡು ತುದಿಯ ಮುಳ್ಳು ಆ ಸಣ್ಣ ತಿರುವುಗಳಿಗೆ ಇಳಿಯಲಾರದು, ಒಳಗಿನ ಹಾಡುಗಳು ಒಡೆದಂತೆ ಕೇಳಿಸುತ್ತವೆ. ಕನಿಷ್ಠ ದೀರ್ಘವೃತ್ತಾಕಾರದ ತುದಿ ಇರಲಿ. ಆಡಿಯೋ ಟೆಕ್ನಿಕಾದ ವಿಎಂ95 ಸರಣಿಯಲ್ಲಿ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗ) ಒಂದೇ ಇದ್ದು ಮುಳ್ಳು ಮಾತ್ರ ಬದಲಿಸಬಹುದು. ಮೊದಲು ಸಾಧಾರಣದ್ದು ಕೊಂಡು ಮುಂದೆ ಮೈಕ್ರೋಲೀನಿಯರ್ ಎಂಬ ಇನ್ನೂ ಸೂಕ್ಷ್ಮವಾದ ತುದಿಗೆ ಏರಬಹುದು. ಸೂಕ್ಷ್ಮ ತುದಿಗೆ ಇನ್ನೊಂದು ಲಾಭವಿದೆ: ಹಳೆಯ ದುಂಡು ಮುಳ್ಳು ಸವೆಸಿದ ಭಾಗವನ್ನು ಬಿಟ್ಟು ಗೋಡೆಯ ಬೇರೆ ಭಾಗವನ್ನು ಅದು ಮುಟ್ಟಬಹುದು, ಹಾಳಾಯಿತೆಂದು ಬಿಟ್ಟ ತಟ್ಟೆಗೆ ಜೀವ ಬರಬಹುದು. ಆ ಸರಣಿಗೆ ಮುಳ್ಳು ತಟ್ಟೆಯನ್ನು ಒತ್ತುವ ಭಾರ 2 ಗ್ರಾಂ ಇಡಿ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆದು ಇಡಿ.

ಇಷ್ಟೆಲ್ಲ ಆದ ಮೇಲೂ ಬೇರೆ ಪ್ರತಿ ಬೇಕೆನಿಸಿದರೆ ಡಾರ್ಕ್ ಸೈಡ್‌ನ ಪ್ರೆಸಿಂಗ್‌ಗಳ ಲೆಕ್ಕ ಹೀಗಿದೆ.

ಅಬೆ ರೋಡ್‌ನಲ್ಲಿ 1972 ಮತ್ತು 73ರಲ್ಲಿ ಧ್ವನಿಮುದ್ರಣವಾಗಿ, 1973ರ ಮಾರ್ಚಿನಲ್ಲಿ ಬಿಡುಗಡೆಯಾದ ಆಲ್ಬಮ್ ಇದು. ಎಂಜಿನಿಯರ್ ಅಲನ್ ಪಾರ್ಸನ್ಸ್, ಕೆತ್ತಿದವರು ಅದೇ ಸಂಸ್ಥೆಯ ಹ್ಯಾರಿ ಮಾಸ್. ಮೊದಲ ಬ್ರಿಟಿಷ್ ಪ್ರತಿಗಳ ಲೇಬಲ್‌ನಲ್ಲಿ ತ್ರಿಕೋನದೊಳಗೆ ನೀಲಿ ಬಣ್ಣ ತುಂಬಿರುತ್ತದೆ, ಒಳಪಟ್ಟಿಯಲ್ಲಿ ಎ-2, ಬಿ-2 ಎಂದಿರುತ್ತದೆ. ಆಮೇಲಿನವುಗಳಲ್ಲಿ ತ್ರಿಕೋನದ ಗೆರೆ ಮಾತ್ರ. ಒಳ್ಳೆಯ ಸ್ಥಿತಿಯ ನೀಲಿ ತ್ರಿಕೋನಕ್ಕೆ ನೂರಾರು ಪೌಂಡ್ ಕೇಳುತ್ತಾರೆ. ಆ ಬೆಲೆ ಲೇಬಲ್ಲಿನ ಅಪರೂಪಕ್ಕೆ, ಒಳಗಿನ ಎರಡು ಪೋಸ್ಟರ್ ಎರಡು ಸ್ಟಿಕ್ಕರ್ ಉಳಿದಿದ್ದರೆ ಅದಕ್ಕೆ. ಅದೇ ದಶಕದಲ್ಲಿ ಅದೇ ಅಬೆ ರೋಡ್‌ನಲ್ಲಿ ಕೆತ್ತಿದ, ಬಣ್ಣ ತುಂಬದ ತ್ರಿಕೋನದ ಪ್ರತಿಗಳು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಈ ಆಲ್ಬಮ್ ಲೆಕ್ಕವಿಲ್ಲದಷ್ಟು ಮಾರಾಟವಾಯಿತು, ಆದ್ದರಿಂದ ಚೆನ್ನಾಗಿ ಕಾಪಾಡಿದ ಪ್ರತಿಗಳು ಇನ್ನೂ ಉಳಿದಿವೆ. ಎ-3, ಬಿ-3ರಿಂದ ಮುಂದಿನವನ್ನು ಧೈರ್ಯವಾಗಿ ನೋಡಿ. ಸ್ಥಿತಿ ಚೆನ್ನಾಗಿದ್ದರೆ ಕೇಳುವವರಿಗೆ ನಷ್ಟವಿಲ್ಲ. ‘ಕ್ಯೂ4’ ಎಂದು ಶುರುವಾಗುವ ಸಂಖ್ಯೆಯ ತಟ್ಟೆ ಕಂಡರೆ ಅದು ನಾಲ್ಕು ಸ್ಪೀಕರ್‌ಗಳ ಕ್ವಾಡ್ರಫೋನಿಕ್ ಮಿಶ್ರಣ. ಅದು ಬೇರೆಯೇ ಅನುಭವ, ನಿಮಗೆ ಈಗ ಬೇಡ.

2003ರ ಪ್ರತಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಅನಲಾಗ್ ಟೇಪಿನಿಂದ ಕೆತ್ತಿದರು. ಬೇಸ್ ಗಟ್ಟಿ, ಹಿನ್ನೆಲೆ ನಿಶ್ಶಬ್ದ. ಹಳೆಯ ತಟ್ಟೆಯ ಗೀರುಗಳನ್ನು ಸಹಿಸಲಾರದವರಿಗೆ ನಾನು ಮೊದಲು ಹೇಳುವ ಹೆಸರು ಇದೇ. 2016ರಲ್ಲಿ ಬಂದದ್ದು ಜೇಮ್ಸ್ ಗತ್ರಿ ಅವರ ರೀಮಾಸ್ಟರ್, ಕೆತ್ತಿದವರು ಬರ್ನಿ ಗ್ರಂಡ್‌ಮನ್. ಅದು ಹೊಸದಾಗಿ ಸಿಗುತ್ತದೆ, ಸಮತೋಲನವೂ ಚೆನ್ನಾಗಿದೆ. ಉಳಿದೆರಡೂ ಸಿಗದಿದ್ದರೆ ಯಾವ ಅಳುಕೂ ಇಲ್ಲದೆ ಅದನ್ನು ಕೊಳ್ಳಿ.

ಅರ್ಧ ವೇಗದ ಅಮೆರಿಕದ ಪ್ರತಿ ಎಂದರೆ 1979ರಲ್ಲಿ ಮೊಬೈಲ್ ಫಿಡೆಲಿಟಿ ಕಂಪನಿ ಹೊರತಂದದ್ದು. ಟೇಪನ್ನೂ ಕೆತ್ತುವ ಯಂತ್ರವನ್ನೂ ಅರ್ಧ ವೇಗದಲ್ಲಿ ನಡೆಸಿದರೆ ಮೇಲಿನ ಧ್ವನಿಗಳು ಕೆತ್ತುವ ತುದಿಗೆ ಸುಲಭವಾಗುತ್ತವೆ, ಆದರೆ ತಗ್ಗು ಧ್ವನಿ ಇನ್ನೂ ತಗ್ಗಿ ಹಿಡಿತಕ್ಕೆ ಸಿಗದೆ ಹೋಗುತ್ತದೆ. ಆ ಪ್ರತಿಯಲ್ಲಿ ತಾಳದ ತಟ್ಟೆ ಫಳಫಳ ಹೊಳೆಯುತ್ತದೆ, ಬೇಸ್ ತೆಳುವಾಗಿದೆ. ಹೃದಯದ ಬಡಿತದಿಂದ ಆರಂಭವಾಗುವ ಆಲ್ಬಮ್‌ಗೆ ಬೇಸ್ ತೆಳುವಾಗುವುದನ್ನು ನಾನು ಒಪ್ಪಲಾರೆ. ಜಪಾನಿನ ತಟ್ಟೆಗಳ ವಿನೈಲ್ ಅತ್ಯಂತ ನಿಶ್ಶಬ್ದ, ಜಾಕೆಟ್ ಮುದ್ರಣ ಸುಂದರ. ಆದರೆ ಬಹುತೇಕ ನಕಲು ಟೇಪಿನವು. ರಾತ್ರಿ ಮೆಲುದನಿಯಲ್ಲಿ ಕೇಳುವವರಿಗೆ ಅವು ಇಷ್ಟವಾಗುತ್ತವೆ.

180 ಗ್ರಾಂ ಎಂಬುದು ತೂಕ ಮಾತ್ರ. ಹಿಂದಿನ ಸಾಧಾರಣ ತಟ್ಟೆ 120ರಿಂದ 140 ಗ್ರಾಂ ಇರುತ್ತಿತ್ತು. ದಪ್ಪ ತಟ್ಟೆ ಸುಲಭವಾಗಿ ಸೊಟ್ಟಗಾಗುವುದಿಲ್ಲ ಎಂಬುದು ನಿಜ. ಗೆರೆಯ ಆಳವೂ ಟೇಪಿನ ಗುಣವೂ ಅದರಿಂದ ಬದಲಾಗುವುದಿಲ್ಲ. ಸಿಡಿಗಾಗಿ ತಯಾರಿಸಿದ ಡಿಜಿಟಲ್ ಕಡತವನ್ನೇ ತಂದು 180 ಗ್ರಾಂ ತಟ್ಟೆಯ ಮೇಲೆ ಒತ್ತಿ ಮಾರುವವರೂ ಇದ್ದಾರೆ. ಹಾಗೆಂದು ಡಿಜಿಟಲ್ ಎಂಬ ಹೆಸರು ಕೇಳಿದ ಕೂಡಲೇ ಹೆದರುವ ಅಗತ್ಯವೂ ಇಲ್ಲ. 2022ರ ಜುಲೈನಲ್ಲಿ ಇದೇ ಮೊಬೈಲ್ ಫಿಡೆಲಿಟಿ ತನ್ನ ಹಲವು ತಟ್ಟೆಗಳ ತಯಾರಿಯಲ್ಲಿ 2011ರಿಂದ ಡಿಜಿಟಲ್ ಹಂತವಿತ್ತು ಎಂದು ಒಪ್ಪಿಕೊಂಡಿತು, ಮೊಕದ್ದಮೆಯೂ ನಡೆದು ರಾಜಿಯಾಯಿತು. ಅದುವರೆಗೆ ಅವೇ ತಟ್ಟೆಗಳನ್ನು ಶುದ್ಧ ಅನಲಾಗ್ ಎಂದು ಹೊಗಳಿದ್ದ ಅನುಭವಿ ಕಿವಿಗಳು ಬಹಳ. ಕೊಳ್ಳುವವರಿಗೆ ಸತ್ಯ ಹೇಳದಿದ್ದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ತಟ್ಟೆಗಳು ಚೆನ್ನಾಗಿ ನುಡಿಯುತ್ತಿದ್ದದ್ದೂ ಅಷ್ಟೇ ನಿಜ.

ಎರಡು ಪ್ರತಿ ಕೈಯಲ್ಲಿದ್ದಾಗ ಹೋಲಿಸುವ ಕ್ರಮ ತಿಳಿದಿರಲಿ. ಜೋರಾಗಿ ಕೆತ್ತಿದ ತಟ್ಟೆ ಯಾವಾಗಲೂ ಮೊದಲು ಮನಸ್ಸು ಗೆಲ್ಲುತ್ತದೆ. ಆದ್ದರಿಂದ ಮೊಬೈಲಿನ ಶಬ್ದಮಾಪಕದಿಂದ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ. ಈ ಆಲ್ಬಮ್‌ನಲ್ಲಿ ಪರೀಕ್ಷೆಗೆ ಬೇಕಾದದ್ದೆಲ್ಲ ಇದೆ. ಆರಂಭದ ಹೃದಯಬಡಿತ ಬಹಳ ಮೆತ್ತಗಿದೆ, ವಿನೈಲಿನ ಸದ್ದು, ಮೋಟಾರಿನ ಗುಡುಗುಡು ಎಷ್ಟಿದೆ ಎಂಬುದು ಅಲ್ಲೇ ಬಯಲಾಗುತ್ತದೆ. ‘ಟೈಮ್’ ಹಾಡಿನ ಗಡಿಯಾರಗಳು ಒಟ್ಟಿಗೆ ಬಾರಿಸುವಾಗ ಒಂದೊಂದು ಗಂಟೆಯೂ ಬೇರೆಯಾಗಿ ಕೇಳಬೇಕು, ಎಲ್ಲ ಕಲಸಿ ಒಂದೇ ಗದ್ದಲವಾದರೆ ಮುಳ್ಳನ್ನೋ ಸ್ಟ್ಯಾಂಪರನ್ನೋ ಅನುಮಾನಿಸಿ. ಮೊದಲ ಮುಖದ ಕೊನೆಯಲ್ಲಿ, ಗೆರೆ ಅತ್ಯಂತ ಇಕ್ಕಟ್ಟಾಗಿರುವ ಜಾಗದಲ್ಲಿ, ಕ್ಲೇರ್ ಟೋರಿ ಮಾತಿಲ್ಲದೆ ದನಿ ಬಿಚ್ಚಿ ಹಾಡುತ್ತಾರೆ. ಸವೆದ ತಟ್ಟೆಯಲ್ಲಿ ಅವರ ಮೇಲ್ದನಿ ಹರಿದುಹೋಗುತ್ತದೆ. ನಾನು ಹಳೆಯ ಪ್ರತಿ ನೋಡಲು ಹೋದಾಗ ಮುಳ್ಳು ಇಡುವುದು ಮೊದಲು ಅಲ್ಲಿ. ಎರಡನೇ ಮುಖದ ಡಿಕ್ ಪ್ಯಾರಿ ಅವರ ಸ್ಯಾಕ್ಸೊಫೋನ್‌ನಲ್ಲಿ ಉಸಿರೂ ಕೇಳಬೇಕು, ಬರೀ ಸ್ವರವಷ್ಟೇ ಅಲ್ಲ.

ಕೊಳ್ಳುವ ಬಗೆ. ಡಿಸ್ಕಾಗ್ಸ್ ಜಾಲತಾಣದಲ್ಲಿ ಒಂದೊಂದು ಪ್ರೆಸಿಂಗ್‌ನ ಒಳಪಟ್ಟಿಯ ಬರಹವೂ ದಾಖಲಾಗಿದೆ. ಮಾರುವವರು ಹೇಳುವ ಸಂಖ್ಯೆಯನ್ನು ಅಲ್ಲಿ ಹೋಲಿಸಿ ನೋಡಿ. ಸ್ಥಿತಿಯ ದರ್ಜೆಗಳಲ್ಲಿ ‘ವಿಜಿ’ ಎಂದರೆ ಹೆಸರಿಗೆ ಬಹಳ ಒಳ್ಳೆಯದು, ಕೇಳಲು ಗೀರಿನ ಸದ್ದು ಖಂಡಿತ. ಇಂಥ ಮೆತ್ತನೆಯ ಆಲ್ಬಮ್‌ಗೆ ‘ವಿಜಿ ಪ್ಲಸ್’ಗಿಂತ ಕೆಳಗೆ ಇಳಿಯಬೇಡಿ, ‘ನಿಯರ್ ಮಿಂಟ್’ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿ. ದರ್ಜೆಯನ್ನು ಕಣ್ಣಿನಿಂದ ನೋಡಿ ಕೊಟ್ಟದ್ದೋ ನುಡಿಸಿ ಕೇಳಿ ಕೊಟ್ಟದ್ದೋ ಎಂದು ಬರೆದು ಕೇಳಿ. ವಿದೇಶದಿಂದ ತರಿಸುವುದಾದರೆ ಅಂಚೆ ಮತ್ತು ಸುಂಕ ಸೇರಿಸಿ ಲೆಕ್ಕ ಹಾಕಿ, ಅಗ್ಗವೆಂದುಕೊಂಡದ್ದು ಬಾಗಿಲಿಗೆ ಬರುವ ಹೊತ್ತಿಗೆ ದುಬಾರಿಯಾಗಿರುತ್ತದೆ. ತಟ್ಟೆಯನ್ನು ಜಾಕೆಟ್ಟಿನಿಂದ ಹೊರತೆಗೆದು ಪಕ್ಕದಲ್ಲಿಟ್ಟು ಪ್ಯಾಕ್ ಮಾಡಲು ಹೇಳಿ, ದಾರಿಯಲ್ಲಿ ಜಾಕೆಟ್ ಅಂಚು ಸೀಳದಿರುತ್ತದೆ. ಬೆಂಗಳೂರಿನ ಹಳೆ ತಟ್ಟೆ ವ್ಯಾಪಾರಿಗಳ ಬಳಿ ಹೋಗುವುದಾದರೆ ಟಾರ್ಚ್ ಮತ್ತು ಭೂತಗನ್ನಡಿ ಜೊತೆಗಿರಲಿ, ನುಡಿಸಿ ತೋರಿಸದವರ ಬಳಿ ದೊಡ್ಡ ಬೆಲೆಯದನ್ನು ಕೊಳ್ಳಬೇಡಿ.

ನಿಮ್ಮ ತಟ್ಟೆಯ ಎರಡೂ ಮುಖಗಳ ಒಳಪಟ್ಟಿಯ ಫೋಟೊ ತೆಗೆದು ಕಳಿಸಿ. ಕೆತ್ತನೆ ಅಬೆ ರೋಡ್‌ನದೆಂದು ಕಂಡರೆ, ತೊಳೆದು ಹೊಸ ಮುಳ್ಳು ಹಾಕಿ ಕೇಳುವವರೆಗೆ ಉಳಿದ ಹಣವನ್ನು ಖರ್ಚು ಮಾಡಬೇಡಿ.